ಮನೆಯಲ್ಲೇ ಕೂತು ಗಳಿಸಿ: ಮೊಬೈಲಿಗೆ ಬರುವ ‘ಕೆಲಸ’ಗಳ ವಿಮರ್ಶೆ

ಮನೆಯಿಂದ ಮಾಡುವ ಕೆಲಸ ಎಂದು ಮೊಬೈಲಿಗೆ ಬಂದು ಬೀಳುವ ಆಹ್ವಾನಗಳನ್ನು ಯಾರೋ ಮಾರಲು ತಂದ ಸರಕು ಎಂದು ನೋಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಇಲ್ಲಿ ಕೆಲಸ ಕೇಳಿಕೊಂಡು ಬಂದವರೇ ಗಿರಾಕಿ. ಆದ್ದರಿಂದ ಫೋನನ್ನೋ ವಾಷಿಂಗ್ ಮಷೀನನ್ನೋ ಪರೀಕ್ಷಿಸುವ ಕ್ರಮದಲ್ಲೇ ಇವನ್ನೂ ನೋಡಿದ್ದೇವೆ: ಹೊರಗಿನ ಪ್ಯಾಕಿಂಗ್ ಹೇಗಿದೆ, ಒಳಗೆ ಏನಿದೆ, ಕೆಟ್ಟಾಗ ಕಸ್ಟಮರ್ ಕೇರ್ ಏನು ಹೇಳುತ್ತದೆ, ಹಣ ವಾಪಸ್ ಸಿಗುತ್ತದೆಯೇ.

ಟಾಸ್ಕ್ ಕೆಲಸ: ಪ್ಯಾಕಿಂಗಿಗೆ ಐದಕ್ಕೆ ಐದು, ಒಳಗಿನ ಮಾಲಿಗೆ ಸೊನ್ನೆ

ಈಗ ಅತಿ ಹೆಚ್ಚು ಓಡುತ್ತಿರುವ ಸರಕು ಇದೇ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಲೆಕ್ಕದಲ್ಲಿ 2020ರಲ್ಲಿ ಈ ಬಗೆಯ ಒಂದು ದೂರೂ ಇರಲಿಲ್ಲ. 2023ರಲ್ಲಿ ಸುಮಾರು 5,000 ದೂರುಗಳು, 2024ರ ಮೊದಲ ಆರು ತಿಂಗಳಲ್ಲೇ ಸುಮಾರು 20,000.

ಶುರುವಾಗುವುದು ಗೊತ್ತಿಲ್ಲದ ನಂಬರಿನಿಂದ ಬರುವ ವಾಟ್ಸ್ಆ್ಯಪ್ ಸಂದೇಶದಿಂದ. ವಿಡಿಯೋಗೆ ಲೈಕ್ ಒತ್ತಬೇಕು, ಹೋಟೆಲಿಗೆ ಸ್ಟಾರ್ ಕೊಡಬೇಕು, ಇಲ್ಲವೇ ಯಾವುದೋ ಆ್ಯಪನ್ನು ‘ಆಪ್ಟಿಮೈಸ್’ ಮಾಡಬೇಕು. ದಿನಕ್ಕೆ ಒಂದೆರಡು ಗಂಟೆ ಸಾಕು, ಅನುಭವ ಬೇಡ. ಒಪ್ಪಿಕೊಂಡ ಕೂಡಲೇ ಟೆಲಿಗ್ರಾಂನಲ್ಲಿ ‘ರಿಸೆಪ್ಷನಿಸ್ಟ್’ ಒಬ್ಬರಿಗೆ ವರ್ಗಾಯಿಸುತ್ತಾರೆ. ಅವರು ಮೊದಲ ಎರಡು ಮೂರು ಲೈಕುಗಳಿಗೆ ನಿಜವಾಗಿ ಹಣ ಹಾಕುತ್ತಾರೆ. ಜನ ಬೀಳುವುದು ಇಲ್ಲೇ. ‘ಮೋಸವಾಗಿದ್ದರೆ ದುಡ್ಡು ಯಾಕೆ ಹಾಕುತ್ತಿದ್ದರು?’ ಎಂಬ ಪ್ರಶ್ನೆಗೆ ಉತ್ತರ ಸರಳ: ಅದು ಅವರ ಜಾಹೀರಾತಿನ ಖರ್ಚು. ಆ ಹಣ ಇನ್ನೊಬ್ಬ ಗಿರಾಕಿಯ ಜೇಬಿನದ್ದೂ ಆಗಿರಬಹುದು. ಹಾಗಾಗಿ ಸಣ್ಣ ಮೊತ್ತ ಖಾತೆಗೆ ಬಂದದ್ದು ಏನನ್ನೂ ಸಾಬೀತು ಮಾಡುವುದಿಲ್ಲ.

ಮುಂದೆ ಒಂದು ವೆಬ್‌ಸೈಟಿನಲ್ಲಿ ಖಾತೆ ತೆರೆಸುತ್ತಾರೆ. ನೋಡಲು ಚೊಕ್ಕಟ: ಬ್ಯಾಲೆನ್ಸ್, ಇವತ್ತಿನ ಕಮಿಷನ್, 40 ಟಾಸ್ಕುಗಳ ಒಂದು ಸೆಟ್, ಒಂದು ‘ಸ್ಟಾರ್ಟ್’ ಗುಂಡಿ. ಒತ್ತಿದಾಗ ಒಂದು ವಸ್ತುವಿನ ಚಿತ್ರವೂ ಬೆಲೆಯೂ ಬರುತ್ತವೆ, ‘ಸಬ್‌ಮಿಟ್’ ಒತ್ತಿದರೆ ಕಮಿಷನ್ ಸೇರುತ್ತದೆ. ಇಪ್ಪತ್ತು ಮೂವತ್ತು ಬಾರಿ ಹೀಗೆ ಸಲೀಸಾಗಿ ಸಾಗಿದ ಮೇಲೆ ‘ಕಾಂಬೊ’ ಬೀಳುತ್ತದೆ, ಅಂದರೆ ಹಲವು ವಸ್ತುಗಳನ್ನು ಒಟ್ಟಿಗೆ ಕಟ್ಟಿದ ದುಬಾರಿ ಟಾಸ್ಕ್. ‘ಮರ್ಜ್ ಆರ್ಡರ್’, ‘ಲಕ್ಕಿ ಆರ್ಡರ್’ ಎಲ್ಲ ಇದರದ್ದೇ ಹೆಸರುಗಳು. ಬ್ಯಾಲೆನ್ಸ್ 100 ಇದ್ದರೆ ಕಾಂಬೊ ಬೆಲೆ 260 ಇರುತ್ತದೆ. ತೆರೆಯ ಮೇಲೆ ಕೆಂಪಕ್ಷರದಲ್ಲಿ ಮೈನಸ್ 160. ಸಾಮಾನ್ಯ ಟಾಸ್ಕಿನ ಹಲವು ಪಟ್ಟು ಕಮಿಷನ್ ಸಿಗುತ್ತದಂತೆ, ಆದರೆ ಮೊದಲು ಆ 160 ತುಂಬಬೇಕು. ತುಂಬದಿದ್ದರೆ ಹಿಂದಿನ 100 ಕೂಡ ಹೊರಬರುವುದಿಲ್ಲ.

ತುಂಬಿದವರಿಗೆ ಎರಡು ಟಾಸ್ಕ್ ಕಳೆಯುವಷ್ಟರಲ್ಲಿ ಮತ್ತೊಂದು ಕಾಂಬೊ, ಈ ಸಲ ಮೈನಸ್ 700. ಇದರಲ್ಲಿ ಅದೃಷ್ಟದ ಪಾತ್ರವೇ ಇಲ್ಲ. ಪರದೆಯ ಮೇಲಿನ ಅಂಕಿ ಸೈಟು ನಡೆಸುವವರು ಬೇಕಾದಂತೆ ತಿದ್ದಬಹುದಾದ ಬರೀ ಅಂಕಿ, ನಿಮ್ಮ ಬ್ಯಾಲೆನ್ಸ್ ಎಷ್ಟಿದೆ ಎಂದು ನೋಡಿಕೊಂಡೇ ಮುಂದಿನ ಕಾಂಬೊ ಬೆಲೆಯನ್ನು ಇಡುತ್ತಾರೆ. ಪ್ರತಿ ಸಲವೂ ಈವರೆಗೆ ಹಾಕಿದ ಒಟ್ಟು ಹಣಕ್ಕಿಂತ ಕೇಳುವ ಮೊತ್ತ ದೊಡ್ಡದಿರುವುದು ಅದಕ್ಕೇ.

ಜೊತೆಗೆ ನಾಲ್ಕೈದು ಜನರ ಗುಂಪೊಂದು ಇರುತ್ತದೆ. ಒಬ್ಬರು ಬೆಳಿಗ್ಗೆಯೇ ಹಣ ಬಂದ ಸ್ಕ್ರೀನ್‌ಶಾಟ್ ಹಾಕುತ್ತಾರೆ, ಇನ್ನೊಬ್ಬರು ‘ನನಗೂ ಕಾಂಬೊ ಬಿತ್ತು, ಅಣ್ಣನ ಹತ್ತಿರ ಸಾಲ ತಗೊಂಡು ಹಾಕಿದೆ, ಸಂಜೆ ಪೂರ್ತಿ ವಾಪಸ್ ಬಂತು’ ಎನ್ನುತ್ತಾರೆ. ಕೆಲವು ಗುಂಪುಗಳಲ್ಲಿ ‘ನೀವು ನಿಲ್ಲಿಸಿದರೆ ನಮ್ಮೆಲ್ಲರ ದುಡ್ಡೂ ಸಿಕ್ಕಿಹಾಕಿಕೊಳ್ಳುತ್ತದೆ’ ಎಂಬ ಗೋಳಾಟವೂ ಉಂಟು. ಅಷ್ಟೂ ಜನ ಕಂಪನಿಯ ಕಡೆಯವರೇ. ಪರೀಕ್ಷಿಸಬೇಕಾದರೆ ಅವರಲ್ಲಿ ಒಬ್ಬರನ್ನು ವಿಡಿಯೋ ಕರೆಗೆ ಕರೆಯಿರಿ. ನೆಟ್‌ವರ್ಕ್ ಕೆಟ್ಟಿರುತ್ತದೆ, ಆಫೀಸಿನಲ್ಲಿರುತ್ತಾರೆ, ಮಗು ಮಲಗಿರುತ್ತದೆ.

ಕಸ್ಟಮರ್ ಕೇರ್ ಎಂಬುದು ಇನ್ನೊಂದು ಚಾಟ್ ಪೆಟ್ಟಿಗೆ. ಹಣ ತೆಗೆಯಲು ಹೋದಾಗ ಅಲ್ಲಿ ಸಿಗುವ ಉತ್ತರಗಳು ಸಿದ್ಧವಾಗಿ ಕೂತಿರುತ್ತವೆ. ‘ನಿಮ್ಮ ಕ್ರೆಡಿಟ್ ಸ್ಕೋರ್ 100ರಿಂದ 80ಕ್ಕೆ ಇಳಿದಿದೆ, ಪ್ರತಿ ಅಂಕಕ್ಕೆ ಇಷ್ಟು ಕಟ್ಟಿ.’ ‘ತೆರಿಗೆ ಮುಂಗಡ ಕಟ್ಟಿ.’ ‘ಖಾತೆ ಸಂಖ್ಯೆ ತಪ್ಪಾಗಿ ಹಾಕಿದ್ದೀರಿ, ಫ್ರೀಜ್ ತೆಗೆಸಲು ಶುಲ್ಕ ಕಟ್ಟಿ.’ ಇಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ‘ನನ್ನ ಬ್ಯಾಲೆನ್ಸಿನಲ್ಲಿ ಹಣ ಇದೆಯಲ್ಲ, ಈ ಶುಲ್ಕವನ್ನು ಅದರಲ್ಲೇ ಮುರಿದುಕೊಳ್ಳಿ.’ ನಿಜವಾಗಿ ಹಣವಿದ್ದರೆ ಮುರಿದುಕೊಳ್ಳಲು ಅಡ್ಡಿ ಏನು? ‘ಸಿಸ್ಟಂ ಒಪ್ಪುವುದಿಲ್ಲ’ ಎಂಬ ಉತ್ತರ ಬಂದರೆ ಬ್ಯಾಲೆನ್ಸ್ ಎಂಬುದು ಇಲ್ಲವೇ ಇಲ್ಲ ಎಂದು ತಿಳಿಯಿರಿ.

ಸರಕಿನ ಮೂಲ ದೋಷ ಬೇರೆಯೇ ಇದೆ. ಹಣ ಕೊಟ್ಟು ಲೈಕು, ಸ್ಟಾರು ಹಾಕಿಸುವುದು ದೊಡ್ಡ ವೇದಿಕೆಗಳ ನಿಯಮಕ್ಕೇ ವಿರುದ್ಧ. ಅಂದರೆ ಹೇಳಿಕೊಂಡ ಕೆಲಸ ಅಕ್ಷರಶಃ ನಿಜವಾಗಿದ್ದರೂ ನೀವು ಮಾಡುತ್ತಿರುವುದು ಸುಳ್ಳು ವಿಮರ್ಶೆ ಬರೆಯುವ ದಂಧೆ. ಇದಕ್ಕೆ ಆಫರ್ ಲೆಟರ್ ಕೊಡುವ ಮರ್ಯಾದಸ್ಥ ಕಂಪನಿ ಇರುವುದಿಲ್ಲ.

ಡೇಟಾ ಎಂಟ್ರಿ: ಐದಕ್ಕೆ ಸೊನ್ನೆ, ಜೊತೆಗೆ ಬೆದರಿಕೆ ಉಚಿತ

ಇದರ ಹೊಡೆತ ನಿಧಾನ, ಆದರೆ ಹೆಚ್ಚು ಹೆದರಿಸುತ್ತದೆ. ಐನೂರೋ ಆರುನೂರೋ ಫಾರಂಗಳನ್ನು ಐದಾರು ದಿನದಲ್ಲಿ ತುಂಬಬೇಕು, ಶೇ. 95ರಷ್ಟೋ ಇನ್ನೂ ಹೆಚ್ಚೋ ನಿಖರತೆ ಇರಬೇಕು ಎಂಬ ಷರತ್ತು. ಸ್ಕ್ಯಾನ್ ಪ್ರತಿ ಬೇಕೆಂದೇ ಮಸುಕಾಗಿರುತ್ತದೆ. ಒಂದು ಅಕ್ಷರ ದೊಡ್ಡದೋ ಚಿಕ್ಕದೋ, ಒಂದು ಜಾಗ ಬಿಟ್ಟಿದೆಯೋ ಎರಡೋ ಎಂಬುದಕ್ಕೆ ಇಡೀ ಫಾರಂ ತಪ್ಪು ಎಂದು ಎಣಿಸುತ್ತಾರೆ. ಕೊನೆಯ ದಿನ ಅವರ ಸರ್ವರ್ ಕೈಕೊಡುವುದೂ ಮಾಮೂಲು. ಫಲಿತಾಂಶದಲ್ಲಿ ನೀವು ಫೇಲು. ಎರಡು ದಿನ ಬಿಟ್ಟು ‘ವಕೀಲರ ಕಚೇರಿ’ಯಿಂದ ಕರೆ: ಒಪ್ಪಂದ ಮುರಿದಿದ್ದೀರಿ, ಸಾಫ್ಟ್‌ವೇರ್ ಶುಲ್ಕ ಕಟ್ಟಿ, ಇಲ್ಲದಿದ್ದರೆ ನಾಳೆ ಪೊಲೀಸರು ಬರುತ್ತಾರೆ.

ಇಲ್ಲಿ ಸೇರುವಾಗ ಒಂದು ಪೈಸೆಯನ್ನೂ ಕೇಳದಿರಬಹುದು. ‘ಮುಂಗಡ ಕೇಳಲಿಲ್ಲ, ಹಾಗಾಗಿ ಅಸಲಿ’ ಎಂಬ ಲೆಕ್ಕ ಕೆಲಸ ಮಾಡದ ಜಾಗ ಇದು. ಗಮನಿಸಬೇಕಾದ್ದು ಒಪ್ಪಂದದ ಪತ್ರವನ್ನು. ಕೆಲಸ ಕೊಡುವವರು ಕೊಡಬೇಕಾದ್ದರ ಬಗ್ಗೆ ಎರಡು ಸಾಲು, ನೀವು ಕಟ್ಟಬೇಕಾದ ದಂಡದ ಬಗ್ಗೆ ಎರಡು ಪುಟ ಇದ್ದರೆ ಸಹಿ ಬೇಡ. ಸಹಿ ಹಾಕಿ ಆಗಿದ್ದರೂ ಗಾಬರಿಯಾಗಬೇಕಿಲ್ಲ. ಕೆಲಸ ಸರಿಯಾಗಿ ಆಗಲಿಲ್ಲ ಎಂಬ ತಕರಾರು ಸಿವಿಲ್ ವ್ಯಾಜ್ಯ. ಅದಕ್ಕೆ ಫೋನಿನಲ್ಲಿ ಬಂಧನದ ಗಡುವು ಕೊಡುವ ಪದ್ಧತಿ ಇಲ್ಲ, ವಕೀಲರ ನಿಜವಾದ ನೋಟಿಸು ಅರ್ಧ ಗಂಟೆಯಲ್ಲಿ ಹಣ ಕಳಿಸಿ ಎನ್ನುವುದಿಲ್ಲ. ಹಣ ಕಟ್ಟಿದವರಿಗೆ ಮಾತ್ರ ಮತ್ತೆ ಮತ್ತೆ ಕರೆ ಬರುತ್ತಿರುತ್ತದೆ.

ಪಾರ್ಸಲ್ ಮತ್ತು ಖಾತೆ: ಅಂಕ ಕೊಡುವ ಪ್ರಶ್ನೆಯೇ ಇಲ್ಲ

ಮೇಲಿನ ಎರಡರಲ್ಲಿ ಹೋಗುವುದು ನಿಮ್ಮ ಹಣ. ಇವೆರಡರಲ್ಲಿ ನೀವೇ ಆರೋಪಿಯಾಗಬಹುದು.

‘ಶಿಪ್ಪಿಂಗ್ ಮ್ಯಾನೇಜರ್’ ಎಂಬ ಹುದ್ದೆಯಲ್ಲಿ ಪಾರ್ಸಲ್‌ಗಳು ನಿಮ್ಮ ಮನೆಗೆ ಬರುತ್ತವೆ, ನೀವು ಹೊಸ ಚೀಟಿ ಅಂಟಿಸಿ ಮುಂದಕ್ಕೆ ಕಳಿಸಬೇಕು. ಒಳಗಿರುವುದು ಸಾಮಾನ್ಯವಾಗಿ ಕದ್ದ ಕಾರ್ಡಿನಿಂದ ಕೊಂಡ ಫೋನು, ಲ್ಯಾಪ್‌ಟಾಪು. ತಿಂಗಳ ಕೊನೆಗೆ ಸಂಬಳ ಎನ್ನುತ್ತಾರೆ, ತಿಂಗಳು ಮುಗಿಯುವ ಹೊತ್ತಿಗೆ ಅವರು ಇರುವುದಿಲ್ಲ. ಆದರೆ ಡೆಲಿವರಿ ದಾಖಲೆಯಲ್ಲಿ ನಿಮ್ಮ ವಿಳಾಸ, ನಿಮ್ಮ ಸಹಿ ಇರುತ್ತದೆ.

‘ಪೇಮೆಂಟ್ ಏಜೆಂಟ್’ ಕೆಲಸ ಇದಕ್ಕಿಂತ ಕೆಟ್ಟದ್ದು. ನಿಮ್ಮ ಖಾತೆಗೆ ಬಂದ ಹಣದಲ್ಲಿ ಶೇ. 5 ಇಟ್ಟುಕೊಂಡು ಉಳಿದದ್ದನ್ನು ಬೇರೆಡೆಗೆ ಕಳಿಸುವುದು, ಅಥವಾ ಖಾತೆಯನ್ನೇ ಬಾಡಿಗೆಗೆ ಕೊಡುವುದು. ಟಾಸ್ಕ್ ಕೆಲಸದಲ್ಲಿ ಕಳೆದುಕೊಂಡವರ ಹಣ ಹರಿದುಹೋಗುವುದೇ ಇಂಥ ಖಾತೆಗಳ ಮೂಲಕ. ದೂರು ದಾಖಲಾದಾಗ ಮೊದಲು ಸ್ತಂಭಿಸುವುದು ನಿಮ್ಮ ಖಾತೆ, ಮೊದಲು ವಿಚಾರಣೆ ನಿಮ್ಮದೇ. ‘ಗೊತ್ತಿರಲಿಲ್ಲ’ ಎಂಬುದು ಅಲ್ಲಿ ಸುಲಭಕ್ಕೆ ನಡೆಯುವ ಮಾತಲ್ಲ.

ಚೆಕ್ಕಿನದ್ದೂ ಒಂದು ಬಗೆ ಇದೆ. ಲ್ಯಾಪ್‌ಟಾಪ್ ಕೊಳ್ಳಲು ಕಂಪನಿ ದೊಡ್ಡ ಮೊತ್ತದ ಚೆಕ್ ಕಳಿಸುತ್ತದೆ, ಮಿಕ್ಕ ಹಣವನ್ನು ‘ನಮ್ಮ ಮಾರಾಟಗಾರರಿಗೆ’ ಕಳಿಸಿ ಎನ್ನುತ್ತದೆ. ಚೆಕ್ ನಿಜಕ್ಕೂ ಪಾಸಾಗುವ ಮೊದಲೇ ಖಾತೆಯಲ್ಲಿ ಹಣ ಕಾಣಿಸುವ ಕಡೆ ಈ ಆಟ ನಡೆಯುತ್ತದೆ. ಚೆಕ್ ಬೌನ್ಸಾದಾಗ ಪೂರ್ತಿ ಮೊತ್ತ ನಿಮ್ಮ ತಲೆಯ ಮೇಲೆ.

ಪ್ಯಾಕಿಂಗ್ ಮತ್ತು ಚೈನ್: ಹಳೆಯ ಮಾಡೆಲ್‌ಗಳು

ಪೆನ್ಸಿಲ್ ಪ್ಯಾಕಿಂಗ್, ಲಕೋಟೆ ತುಂಬುವುದು, ಕಿಟ್ ತಂದು ಅಲಂಕಾರದ ವಸ್ತು ಜೋಡಿಸುವುದು. ನೋಂದಣಿ ಶುಲ್ಕ, ಗುರುತಿನ ಚೀಟಿ ಶುಲ್ಕ, ಸಾಗಣೆ ಶುಲ್ಕ ಎಂದು ಸಣ್ಣ ಸಣ್ಣ ಕಂತಿನಲ್ಲಿ ಕೀಳುತ್ತಾರೆ. ಮಾಲು ಬರುವುದಿಲ್ಲ, ಬಂದರೆ ನೀವು ಮಾಡಿಕೊಟ್ಟದ್ದು ‘ಗುಣಮಟ್ಟಕ್ಕೆ ಇಲ್ಲ’. ಪೆನ್ಸಿಲ್ ಕಾರ್ಖಾನೆಗಳಲ್ಲಿ ಪ್ಯಾಕಿಂಗಿಗೆ ಯಂತ್ರಗಳಿವೆ. ಮನೆಮನೆಗೆ ಪೆನ್ಸಿಲ್ ಕಳಿಸಿ ಮತ್ತೆ ತರಿಸಿಕೊಳ್ಳುವ ಸಾಗಣೆ ಖರ್ಚೇ ಪೆನ್ಸಿಲಿನ ಬೆಲೆಯನ್ನು ಮೀರುತ್ತದೆ.

ಚೈನ್ ವ್ಯಾಪಾರದವರು ‘ನಮ್ಮಲ್ಲಿ ನಿಜವಾದ ವಸ್ತು ಇದೆ, ಇದು ಪಿರಮಿಡ್ ಅಲ್ಲ’ ಎನ್ನುತ್ತಾರೆ. ವಸ್ತು ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಕಾಸ್ಕಾಟ್ ಎಂಬ ಕಂಪನಿಯ ವಿರುದ್ಧ 1975ರಲ್ಲಿ ಕೊಟ್ಟ ತೀರ್ಮಾನದಿಂದ ಬಳಕೆಯಲ್ಲಿರುವ ಅಳತೆಗೋಲು ಇವತ್ತಿಗೂ ಕೈಗೆ ಬರುತ್ತದೆ: ಹೊರಗಿನ ನಿಜ ಗ್ರಾಹಕರಿಗೆ ಆದ ಮಾರಾಟಕ್ಕೆ ಸಂಬಂಧವಿಲ್ಲದೆ, ಜನರನ್ನು ಸೇರಿಸಿದ್ದಕ್ಕೆ ಪ್ರತಿಫಲ ಸಿಗುತ್ತದೆಯೇ? ಕರೆದವರನ್ನು ಹೀಗೆ ಕೇಳಿ: ಕಳೆದ ತಿಂಗಳು ಸದಸ್ಯರಲ್ಲದವರು ಎಷ್ಟು ಜನ ಕೊಂಡರು? ಉತ್ತರವಾಗಿ ಕಾರಿನ ಫೋಟೋ ಬರುತ್ತದೆ. ಒಬ್ಬರು ಆರು ಜನರನ್ನು, ಆ ಆರೂ ಜನ ತಲಾ ಆರು ಜನರನ್ನು ಸೇರಿಸುತ್ತ ಹೋದರೆ 13ನೇ ಹಂತಕ್ಕೆ 1,300 ಕೋಟಿ ಜನ ಬೇಕು. ಭೂಮಿಯ ಮೇಲಿರುವವರು ಸುಮಾರು 800 ಕೋಟಿ.

ಕೊಳ್ಳುವ ಮುನ್ನ ತಪಾಸಣೆ

ಮನೆಯಿಂದ ಮಾಡುವ ಅಸಲಿ ಕೆಲಸಗಳೂ ಇವೆ: ಅನುವಾದ, ಲೆಕ್ಕಪತ್ರ, ಕೋಡಿಂಗ್, ಪಾಠ ಹೇಳುವುದು, ಗ್ರಾಹಕ ಸೇವೆ. ಎಲ್ಲದರಲ್ಲೂ ಒಂದು ಕೌಶಲ ಕೇಳುತ್ತಾರೆ, ಪರೀಕ್ಷೆ ಮಾಡುತ್ತಾರೆ, ಬೇಡವೆಂದು ತಿರಸ್ಕರಿಸುತ್ತಾರೆ ಕೂಡ. ಯಾರನ್ನೂ ತಿರಸ್ಕರಿಸದ ಕೆಲಸ ಅನುಮಾನಕ್ಕೆ ಮೊದಲ ಕಾರಣ. ಬರೀ ಚಾಟ್‌ನಲ್ಲೇ ಮುಗಿಯುವ ಸಂದರ್ಶನ ಎರಡನೆಯದು.

ದೊಡ್ಡ ಕಂಪನಿಯ ಹೆಸರು ಹೇಳಿದರೆ ಅವರು ಕೊಟ್ಟ ಲಿಂಕ್ ಒತ್ತಬೇಡಿ. ಕಂಪನಿಯ ವಿಳಾಸವನ್ನು ನೀವೇ ಬ್ರೌಸರಿನಲ್ಲಿ ಟೈಪ್ ಮಾಡಿ, ಉದ್ಯೋಗದ ಪುಟದಲ್ಲಿ ಆ ಹುದ್ದೆ ಇದೆಯೇ ನೋಡಿ, ಅಲ್ಲಿಯ ನಂಬರಿಗೆ ಕರೆ ಮಾಡಿ ಕೇಳಿ. ಇಮೇಲ್ ಬಂದಿದ್ದರೆ @ ಗುರುತಿನ ನಂತರದ ಭಾಗವನ್ನು ಅಕ್ಷರ ಅಕ್ಷರ ಓದಿ. ಕಂಪನಿ ಹೆಸರಿಗೆ ಒಂದು ಅಡ್ಡಗೆರೆಯೋ ‘ಕೆರಿಯರ್ಸ್’ ಎಂಬ ಬಾಲವೋ ಅಂಟಿಸಿದ ಡೊಮೇನುಗಳೇ ಹೆಚ್ಚು. ಅದನ್ನು ‘ಹೂಈಸ್’ ಹುಡುಕಾಟದಲ್ಲಿ ಹಾಕಿದರೆ ಯಾವಾಗ ನೋಂದಾಯಿಸಿದ್ದು ಎಂದು ತೋರಿಸುತ್ತದೆ. ಹತ್ತು ವರ್ಷದ ಕಂಪನಿ ಎನ್ನುವವರ ಡೊಮೇನಿಗೆ ಮೂರು ವಾರ ಆಗಿದ್ದರೆ ಮುಂದೆ ನೋಡಬೇಕಿಲ್ಲ. ಎಚ್‌ಆರ್ ಮೇಡಂ ಫೋಟೋವನ್ನು ಚಿತ್ರ ಹುಡುಕಾಟಕ್ಕೆ ಹಾಕಿ, ಅದೇ ಮುಖ ನಾಲ್ಕು ಹೆಸರಿನಲ್ಲಿ ಸಿಗಬಹುದು. ನೋಂದಣಿ ಪ್ರಮಾಣಪತ್ರದ ಪಿಡಿಎಫ್ ಕಳಿಸಿದರೆ ನಂಬುವಂಥದ್ದೇನೂ ಅಲ್ಲ. ಬೇರೆ ಕಂಪನಿಯದ್ದನ್ನು ಇಳಿಸಿಕೊಂಡು ಕಳಿಸಲು ಒಂದು ನಿಮಿಷ ಸಾಕು.

ಆ್ಯಪ್ ಸ್ಟೋರಿನ ಹೊರಗಿನ ಎಪಿಕೆ ಫೈಲ್ (ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್), ಪರದೆ ಹಂಚಿಕೊಳ್ಳುವ ಆ್ಯಪ್, ಒಟಿಪಿ: ಮೂರಕ್ಕೂ ಕೆಲಸಕ್ಕೂ ಸಂಬಂಧವಿಲ್ಲ. ಬ್ಯಾಂಕ್ ವಿವರ, ಗುರುತಿನ ಚೀಟಿಯ ಪ್ರತಿ ನೇಮಕದ ನಂತರದ ಮಾತು, ಅರ್ಜಿಯ ಹಂತದ್ದಲ್ಲ.

ಹಣ ವಾಪಸ್ ನೀತಿ

ಮಾರುವವರ ಕಡೆಯಿಂದ ಅಂಥದ್ದಿಲ್ಲ. ಇರುವ ಅವಕಾಶ ಬ್ಯಾಂಕಿನದ್ದು, ಅದೂ ಹಣ ಮುಂದಿನ ಖಾತೆಗೆ ದಾಟುವ ಮೊದಲು. ಹಾಗಾಗಿ ಗೊತ್ತಾದ ಕ್ಷಣ ಬ್ಯಾಂಕಿಗೆ ಕರೆ ಮಾಡಿ ವಹಿವಾಟನ್ನು ವಂಚನೆ ಎಂದು ದಾಖಲಿಸಿ, ಆಮೇಲೆ ಸೈಬರ್ ಪೊಲೀಸರಿಗೆ ದೂರು ಕೊಡಿ. ಯುಎಸ್‌ಡಿಟಿಯಂಥ ಕ್ರಿಪ್ಟೊದಲ್ಲಿ ಕಳಿಸಿದ್ದರೆ ವಹಿವಾಟನ್ನು ಹಿಂದಕ್ಕೆ ತಿರುಗಿಸಲಾಗದು. ಆದರೂ ವಾಲೆಟ್ ವಿಳಾಸ ಮತ್ತು ವಹಿವಾಟಿನ ಸಂಖ್ಯೆ ತನಿಖೆಗೆ ಬೇಕಾಗುತ್ತವೆ.

ನಿಮಗೆ ಗೊತ್ತಾಗಿದೆ ಎಂದು ಅವರಿಗೆ ತೋರಿಸಿಕೊಳ್ಳುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಟೆಲಿಗ್ರಾಂನ ಖಾಸಗಿ ಚಾಟ್‌ನಲ್ಲಿ ಒಂದು ಕಡೆಯವರು ಎರಡೂ ಕಡೆಯ ಸಂದೇಶಗಳನ್ನು ಅಳಿಸಬಹುದು, ಬೈದ ಮರುಕ್ಷಣ ಸಾಕ್ಷ್ಯ ಮಾಯ. ಯೂಸರ್‌ನೇಮ್ ಕೂಡ ಬದಲಾಯಿಸಬಹುದಾದದ್ದು, ಆದ್ದರಿಂದ ಪ್ರೊಫೈಲ್, ಗುಂಪಿನ ಲಿಂಕ್, ವೆಬ್‌ಸೈಟಿನ ಪೂರ್ತಿ ವಿಳಾಸ, ಹಣ ಹೋದ ಪ್ರತಿ ಖಾತೆಯ ವಿವರ ಎಲ್ಲವನ್ನೂ ದಿನಾಂಕದ ಸಮೇತ ಬರೆದಿಡಿ. ಎಪಿಕೆ ಹಾಕಿಸಿದ್ದರೆ ಆ ಫೋನಿನಲ್ಲಿ ಬ್ಯಾಂಕ್ ಆ್ಯಪ್ ತೆರೆಯಬೇಡಿ, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ.

ಕೆಲವು ವಾರಗಳ ನಂತರ ಇನ್ನೊಂದು ಸರಕು ಬಾಗಿಲಿಗೆ ಬರುತ್ತದೆ: ‘ಕಳೆದ ಹಣವನ್ನು ಮರಳಿ ಕೊಡಿಸುತ್ತೇವೆ’ ಎನ್ನುವ ರಿಕವರಿ ಏಜೆಂಟ್. ನೀವು ಕಳೆದುಕೊಂಡ ಮೊತ್ತ, ದಿನಾಂಕ ಎಲ್ಲ ಅವರಿಗೆ ಸರಿಯಾಗಿ ಗೊತ್ತಿರುತ್ತದೆ, ಏಕೆಂದರೆ ಆ ಪಟ್ಟಿ ಹೊರಟದ್ದೇ ಮೊದಲು ಹಣ ಹೊಡೆದವರ ಕಡೆಯಿಂದ. ಪತ್ತೆ ಶುಲ್ಕವನ್ನು ಮೊದಲೇ ಕಟ್ಟಬೇಕಂತೆ.