ಮಿನುಗುವ ಲೈಟಿನಡಿ ಫೋಟೋ: 1/100 ಶಟರ್ ಸಾಕೋ, ಆ್ಯಂಟಿ-ಫ್ಲಿಕರ್ ಬೇಕೋ?

ಕೊಡಗಿನ ಮದುವೆ ಹಾಲ್‌ಗಳಲ್ಲಿ ಫೋಟೋ ತೆಗೆದವರಿಗೆ ಗೊತ್ತು, ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಹಳದಿ, ಇನ್ನೊಂದರಲ್ಲಿ ಕಪ್ಪು ಪಟ್ಟಿ. ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ.

ಖರ್ಚಿಲ್ಲದ ದಾರಿ ಅಂದ್ರೆ ಶಟರ್ (ಬೆಳಕು ಒಳಬಿಡುವ ಸಮಯ) 1/100 ಅಥವಾ 1/50 ಸೆಕೆಂಡಿಗೆ ಇಡುವುದು. ಪ್ರತಿ ಫ್ರೇಮಿಗೂ ಪೂರ್ತಿ ಮಿನುಗು ಸಿಗುತ್ತದೆ, ಬೆಳಕು ಸಮನಾಗುತ್ತದೆ. ಪ್ರೊ ಮೋಡ್ (ಶಟರ್ ನಾವೇ ಹೊಂದಿಸುವ ಮೋಡ್) ಇರುವ ಫೋನಲ್ಲೂ ಆಗುತ್ತದೆ. ಆದರೆ ವಾಲಗಕ್ಕೆ ಕುಣಿಯುವವರ ಕೈಕಾಲು ಮಸುಕು ಮಸುಕು!

ಆ್ಯಂಟಿ-ಫ್ಲಿಕರ್ ಇರುವ ಕ್ಯಾಮೆರಾ ಬೆಳಕು ಜಾಸ್ತಿ ಇರುವ ಕ್ಷಣ ಕಾದು ಕ್ಲಿಕ್ಕಿಸುತ್ತದೆ, ಅದರಿಂದ 1/500 ಕೂಡ ನಡೆಯುತ್ತದೆ, ಬರ್ಸ್ಟ್ (ಒಂದರ ಹಿಂದೊಂದು ಕ್ಲಿಕ್) ಮಾತ್ರ ಸ್ವಲ್ಪ ನಿಧಾನ. ಕ್ಯಾನನ್ 7ಡಿ ಮಾರ್ಕ್ 2 (2014) ನಲ್ಲೇ ಇದು ಬಂತು, ಸೆಕೆಂಡ್ ಹ್ಯಾಂಡ್ ನೋಡಬಹುದು.

ಮಡಿಕೇರಿ ದಸರಾ ಮಂಟಪಗಳ (ದೇವರ ಮೂರ್ತಿಗಳಿರುವ, ಎಲ್‌ಇಡಿ ದೀಪದ ಸ್ತಬ್ಧಚಿತ್ರಗಳ) ಕಥೆ ಬೇರೆ. ಎಲ್‌ಇಡಿ ಎಷ್ಟೋ ಸಲ ಟ್ಯೂಬ್‌ಲೈಟಿಗಿಂತ ತುಂಬಾ ವೇಗವಾಗಿ ಮಿನುಗುತ್ತದೆ, ಆ್ಯಂಟಿ-ಫ್ಲಿಕರ್ ಅದನ್ನು ಹಿಡಿಯುವುದಿಲ್ಲ. ಅಲ್ಲಿ ಸೈಲೆಂಟ್ (ಸದ್ದಿಲ್ಲದ ಎಲೆಕ್ಟ್ರಾನಿಕ್) ಶಟರ್ ಆಫ್ ಮಾಡಿ, ಮೆಕ್ಯಾನಿಕಲ್ ಶಟರ್ ಬಳಸಿ, ಶಟರ್ ವೇಗ ಇಳಿಸಿ. ನಾನು ಒಂದು ವರ್ಷ ಮರೆತು, ರಾತ್ರಿಯಿಡೀ ಪಟ್ಟೆ ಪಟ್ಟೆ ದೇವರನ್ನೇ ತೆಗೆದಿದ್ದೆ.

ಮದುವೆ ಕೆಲಸ ಮಾಡುವವರಾದರೆ ಆ್ಯಂಟಿ-ಫ್ಲಿಕರ್ ಇರುವುದನ್ನೇ ಕೊಳ್ಳಿ. ಮನೆಯವರ ಫೋಟೋಗೆ ಸುಮ್ನೆ ದುಡ್ಡು ಸುರಿಯಬೇಡಿ, 1/100 ಸಾಕು.