ಮನೆಯಿಂದ ಕೆಲಸದ ಖರ್ಚು: ಸ್ಥಿರ ದರವೋ, ವಾಸ್ತವ ವೆಚ್ಚವೋ?

ಆಸ್ಟ್ರೇಲಿಯದಲ್ಲಿ ಮನೆಯಿಂದ ಕೆಲಸ ಮಾಡುವವರು ತೆರಿಗೆ ಕಡಿತ ಕೋರಲು ಎರಡು ವಿಧಾನಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸ್ಥಿರ ದರದಲ್ಲಿ 2024-25ರಿಂದ ಗಂಟೆಗೆ 70 ಸೆಂಟ್‌. ವಾರಕ್ಕೆ ಮೂರು ದಿನ, ದಿನಕ್ಕೆ ಎಂಟು ಗಂಟೆಯಂತೆ 46 ವಾರ ದುಡಿದವರಿಗೆ 772.80 ಡಾಲರ್‌ ಆಗುತ್ತದೆ (ಇದು ಕೈಗೆ ಬರುವ ಹಣವಲ್ಲ, ಆದಾಯದಿಂದ ಕಳೆಯುವ ಮೊತ್ತವಷ್ಟೇ). ವಿದ್ಯುತ್‌, ಇಂಟರ್‌ನೆಟ್‌, ಫೋನ್‌, ಲೇಖನ ಸಾಮಗ್ರಿಗಳೆಲ್ಲ ಈ ದರದಲ್ಲೇ ಅಡಗಿರುವುದರಿಂದ ಫೋನ್‌ ಬಿಲ್ಲನ್ನು ಮತ್ತೆ ಪ್ರತ್ಯೇಕವಾಗಿ ತೋರಿಸುವಂತಿಲ್ಲ. ಮೇಜು, ಲ್ಯಾಪ್‌ಟಾಪ್‌ಗಳ ಸವಕಳಿಯನ್ನು ಬೇರೆಯಾಗಿ ಕೋರಬಹುದು. ಆದರೆ ವರ್ಷವಿಡೀ ದುಡಿದ ಗಂಟೆಗಳ ದಾಖಲೆ ಬೇಕು, ಅಂದಾಜು ನಡೆಯದು.

ವಾಸ್ತವ ವೆಚ್ಚದಲ್ಲಿ ಪ್ರತಿ ಬಿಲ್ಲಿನಿಂದಲೂ ಸ್ವಂತ ಬಳಕೆಯ ಪಾಲನ್ನು ಕಳೆದು ಲೆಕ್ಕ ಕೊಡಬೇಕಾದ್ದರಿಂದ, ಖರ್ಚು ನಿಜಕ್ಕೂ ದೊಡ್ಡದಿದ್ದರೆ ಮಾತ್ರ ಆ ಶ್ರಮ ಸಾರ್ಥಕವೆಂದು ನನಗನಿಸುತ್ತದೆ. ಉದ್ಯೋಗದಾತರು ಮರುಪಾವತಿಸಿದ ಖರ್ಚಿಗೆ ಎರಡರಲ್ಲೂ ಅವಕಾಶವಿಲ್ಲ.