ಕೈಗಡಿಯಾರದಲ್ಲಿ ಕಾನಗಾವಾದ ತೆರೆ: ಚಪ್ಪಟೆ ಡಯಲೋ, ಉಬ್ಬು ಡಯಲೋ, ಮನೆಯಲ್ಲಿ ಅಂಟಿಸಿದ್ದೋ?

ಜಪಾನಿನ ಕಲಾವಿದ ಹೊಕುಸಾಯಿಯ ‘ಕಾನಗಾವಾದ ಮಹಾ ತೆರೆ’ ಚಿತ್ರವನ್ನು ಕೈಗಡಿಯಾರದ ಡಯಲಿಗೆ ತರಲು ಮೂರು ದಾರಿ: ಚಪ್ಪಟೆಯಾಗಿ ಅಚ್ಚಾದ ಡಯಲ್, ತೆರೆ ಎದ್ದುನಿಂತ ಉಬ್ಬು ಡಯಲ್, ಮನೆಯಲ್ಲೇ ಅಂಟಿಸಿದ್ದು. ಗೆದ್ದದ್ದು ಚಪ್ಪಟೆಯಾಗಿ ಅಚ್ಚಾದ, ದಿನಾಂಕದ ಕಿಟಕಿ ಇಲ್ಲದ ಡಯಲ್. ನೋಡಲು ಉಬ್ಬು ಡಯಲೇ ಚೆಂದ, ಅದನ್ನು ಅಲ್ಲಗಳೆಯುವುದಿಲ್ಲ. ಮೂರನ್ನೂ ಜಪಾನಿನ ಸೈಕೋ ಕಂಪನಿಯ ಗಡಿಯಾರದ ಮಾದರಿಯ ಕೇಸಿಗೆ ಹಾಕಿ, ಕಾಸರಗೋಡಿನ ಮಳೆಗಾಲದಲ್ಲಿ ಕಟ್ಟಿ ನೋಡಿದ ಮೇಲಿನ ಮಾತು ಇದು.

ಹೊಕುಸಾಯಿ 1831ರ ಸುಮಾರಿಗೆ ಮಾಡಿದ ಆ ಮರದಚ್ಚು ಅಡ್ಡಚಿತ್ರ: ಎತ್ತರ ಸುಮಾರು 25 ಸೆಂ.ಮೀ., ಅಗಲ 38. ನಮ್ಮ ಡಯಲ್ 28.5 ಮಿ.ಮೀ. ಅಡ್ಡಳತೆಯ ವೃತ್ತ. ಎತ್ತರಕ್ಕೆ ಹೊಂದಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗ ಹೋಯಿತು. ತೆರೆಯ ಬೆನ್ನು ಪೂರ್ತಿ ಬೇಕೆಂದರೆ ಫ್ಯೂಜಿ ಬಲದ ಅಂಚಿಗೆ ಸರಿಯುತ್ತದೆ, ದಿನಾಂಕದ ಕಿಟಕಿ ಅದರ ನೆತ್ತಿಯ ಮೇಲೆಯೇ ಬಂದು ಕೂರುತ್ತದೆ. ಹಾಗಾಗಿ ದಿನಾಂಕ ತೋರಿಸುವ ಸೈಕೋ ಯಂತ್ರ ಎನ್‌ಎಚ್ 35 ಬಿಟ್ಟು, ದಿನಾಂಕವೇ ಇಲ್ಲದ ಎನ್‌ಎಚ್ 38 ಯಂತ್ರ ತರಿಸುವುದು ಲೇಸು. 35ರ ಮೇಲೆ ಕಿಟಕಿ ಇಲ್ಲದ ಡಯಲ್ ಕೂರುತ್ತದೆ ನಿಜ, ಆದರೆ ಪಕ್ಕದ ಕೀ ಎಳೆದಾಗ ಏನೂ ಕಾಣದ ದಿನಾಂಕದ ಹಂತವೊಂದು ‘ಕಟ್’ ಅನ್ನುತ್ತಲೇ ಇರುತ್ತದೆ. ಮುಳ್ಳುಗಳ ತೂತು ಎರಡಕ್ಕೂ ಒಂದೇ: ಗಂಟೆಗೆ 1.50, ನಿಮಿಷಕ್ಕೆ 0.90, ಸೆಕೆಂಡಿಗೆ 0.20 ಮಿ.ಮೀ.

ಉಬ್ಬು ಡಯಲಿನ ತಕರಾರು ಒಂದೇ, ಆದರೆ ತಲೆ ತಿನ್ನುವಂಥದ್ದು. ತೆರೆಯ ನೊರೆ ಎದ್ದುನಿಂತಿರುವುದು ಒಂಬತ್ತರಿಂದ ಹನ್ನೆರಡರ ನಡುವೆ. ಗಂಟೆ ಮುಳ್ಳು ಡಯಲಿಗೆ ಅತಿ ಹತ್ತಿರದ್ದು, ದಿನಕ್ಕೆ ಎರಡು ಸಲ ಆ ನೊರೆಯ ಮೇಲಿಂದಲೇ ದಾಟಬೇಕು. ತಾಗಿದರೆ ಗಡಿಯಾರ ಕೂಡಲೇ ನಿಲ್ಲುವುದಿಲ್ಲ, ಮೋಸ ಇರುವುದೇ ಅಲ್ಲಿ. ಗಂಟೆಯ ಚಕ್ರ ನಿಧಾನಕ್ಕೆ, ಬಲವಾಗಿ ತಳ್ಳುತ್ತದೆ. ಮುಳ್ಳು ಬಣ್ಣ ಕೆರೆಯುತ್ತದೆ ಅಥವಾ ತಾನು ಸಿಕ್ಕಿಸಿಕೊಂಡಿರುವ ಕೊಳವೆಯ ಮೇಲೇ ಜಾರುತ್ತದೆ. ಸೆಕೆಂಡು ಮುಳ್ಳು ಏನೂ ಆಗದವರ ಹಾಗೆ ಓಡುತ್ತಿರುತ್ತದೆ. ನಿಮಿಷ ಮುಳ್ಳು ಹನ್ನೆರಡಕ್ಕೆ ಬಂದರೂ ಗಂಟೆ ಮುಳ್ಳು ಅಂಕಿಗಿಂತ ಹಿಂದೆ ನಿಂತಿದ್ದರೆ ಕಾರಣ ಇದೇ. ವೇಗ ಅಳೆಯುವ ಯಂತ್ರಕ್ಕೆ ಇಟ್ಟರೆ ಎಲ್ಲ ಸರಿ ಎನ್ನುತ್ತದೆ.

ಮುಳ್ಳನ್ನು ತುಸು ಎತ್ತಿ ಕೂರಿಸೋಣ ಎಂದರೆ ಕೊಳವೆಯ ಹಿಡಿತ ಕಡಿಮೆಯಾಗುತ್ತದೆ, ಮೇಲಿನ ನಿಮಿಷ ಮುಳ್ಳಿಗೆ ಗಂಟೆಗೊಮ್ಮೆ ತಾಗುತ್ತದೆ. ನಿಮಿಷವನ್ನೂ ಎತ್ತಿದರೆ ಸೆಕೆಂಡು ಮುಳ್ಳು ಚಪ್ಪಟೆ ಗಾಜಿಗೆ ಉಜ್ಜುತ್ತದೆ. ತುದಿ ಬಗ್ಗಿಸುವ ಕೆಲಸವಂತೂ ಬೇಡ. ನಡೆದ ಪರಿಹಾರ ಒಂದೇ: ತುದಿ ನೊರೆಯವರೆಗೆ ಹೋಗದ ಗಿಡ್ಡ ಗಂಟೆ ಮುಳ್ಳು, ಜೊತೆಗೆ ಗುಮ್ಮಟದ ಗಾಜು. ಕೇಸು ಮುಚ್ಚುವ ಮೊದಲು ಕೀ ತಿರುಗಿಸಿ ಹನ್ನೆರಡೂ ಗಂಟೆ ಸುತ್ತಿಸಿ, ಮಸೂರ ಹಿಡಿದು ಪಕ್ಕದಿಂದ ನೋಡಿ. ಮೇಲಿಂದ ನೋಡಿದರೆ ಏನೂ ಕಾಣದು.

ಮನೆಯಲ್ಲಿ ಅಂಟಿಸುವುದು ಎಲ್ಲಕ್ಕಿಂತ ಅಗ್ಗ. ನೀರಿನಲ್ಲಿ ಜಾರುವ ಡೀಕಾಲ್ ಹಾಳೆಯ ಮೇಲೆ ಮುದ್ರಿಸಿ, ಲ್ಯಾಕರ್ ಹೊಡೆದು, ನೆನೆಸಿ, ಡಯಲಿನ ಮೇಲೆ ಜಾರಿಸುವುದು. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ, ನೊರೆ ಬಿಳಿ ಕಾಣಬೇಕಾದರೆ ಅಡಿಯ ಡಯಲೇ ಬಿಳಿ ಇರಬೇಕು. 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಡಯಲಿಗೆ ಅಡ್ಡಕ್ಕೆ ಸಿಗುವುದು ಸುಮಾರು 337 ಚುಕ್ಕೆ. ನೊರೆಯ ಉಗುರುಗಳೆಲ್ಲ ಕಲಸಿಹೋಗುತ್ತವೆ. 1200ಕ್ಕೆ ಕಡಿಮೆ ಬೇಡ. ಇಷ್ಟು ಮಾಡಿದರೂ ನಮ್ಮಲ್ಲಿ ಆಟಿ ತಿಂಗಳ ಮಳೆಗಾಲದ ಗಾಳಿ ಬಿಡುವುದಿಲ್ಲ: ಹಲಸಿನ ಹಪ್ಪಳ ಮೆತ್ತಗಾಗುವ ದಿನ ಲ್ಯಾಕರ್ ಹೊಡೆದರೆ ಅದು ತೇವ ಎಳೆದುಕೊಂಡು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ, ಹೊಕುಸಾಯಿಯ ಪ್ರಷ್ಯನ್ ನೀಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಈ ಕೆಲಸ ಜನವರಿಗೆ ಇಟ್ಟುಕೊಳ್ಳಿ.

ಚಪ್ಪಟೆ ಡಯಲಿನಲ್ಲಿ ಗಮನಿಸಬೇಕಾದ್ದು ಹಿಂಬದಿಯ ಪಾದಗಳು, ಅಂದರೆ ಡಯಲನ್ನು ಯಂತ್ರಕ್ಕೆ ಹಿಡಿಸುವ ಸಣ್ಣ ಕಡ್ಡಿಗಳು. ಕೀ ಮೂರರಲ್ಲಿರುವ ಕೇಸಿಗೂ ಸೈಕೋದ ಎಸ್‌ಕೆಎಕ್ಸ್ ಗಡಿಯಾರದ ಥರ ನಾಲ್ಕರ ಹತ್ತಿರ ಇರುವ ಕೇಸಿಗೂ ಪಾದದ ಜಾಗ ಬೇರೆ. ನಾಲ್ಕು ಪಾದದ್ದು ಬಂದರೆ ಬೇಡದ ಎರಡನ್ನು ಕತ್ತರಿಸಿ, ಬುಡ ನುಣ್ಣಗೆ ಅರ ಹಾಕಿ. ಮೊಂಡು ಉಳಿದರೆ ಡಯಲ್ ಒಂದು ಬದಿ ಎದ್ದು ಕೂರುತ್ತದೆ.

ಯಾವುದೇ ಆಗಲಿ, ಮಳೆಗಾಲದಲ್ಲಿ ತೆರೆದ ಕೇಸನ್ನೂ ಯಂತ್ರವನ್ನೂ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು ಆಮೇಲೆ ಮುಚ್ಚಿ. ನೀರು ತಡೆಯುವ ರಬ್ಬರ್ ಬಳೆಗೆ ಸಿಲಿಕೋನ್ ಗ್ರೀಸ್ ಸವರಿ. ಗಡಿಯಾರವನ್ನು ಉಗುರುಬೆಚ್ಚಗೆ ಮಾಡಿ ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಡಿ. ಒಳಗೆ ಮಂಜು ಕಟ್ಟಿದರೆ ಮತ್ತೆ ಬಿಚ್ಚಲೇಬೇಕು.

ಶೋಕೇಸಿನಲ್ಲಿಟ್ಟು ಆಗಾಗ ತೆಗೆದು ನೋಡುವವರು ಉಬ್ಬು ಡಯಲಿಗೆ ಧೈರ್ಯವಾಗಿ ಹೋಗಬಹುದು. ಮಳೆಯಲ್ಲಿ ಬೈಕಿನಲ್ಲಿ ಕುಂಬಳೆಗೋ ಮಂಜೇಶ್ವರಕ್ಕೋ ಓಡಾಡುವ ಕೈಗೆ ಚಪ್ಪಟೆಯದೇ. ಉಬ್ಬಿಗೆ ಹೋಗುವ ದುಡ್ಡಿನಲ್ಲಿ ಇನ್ನೊಂದು ಜೊತೆ ಮುಳ್ಳು ತರಿಸಿಡಿ. ಚಿಮಟದಿಂದ ಜಾರಿದ ಸೆಕೆಂಡು ಮುಳ್ಳು ಕೆಂಪು ಸಿಮೆಂಟಿನ ನೆಲದ ಮೇಲೆ ಮತ್ತೆ ಸಿಕ್ಕಿದ್ದುಂಟೇ?